ಪ್ರೋಗ್ರಾಂನ ಮೊದಲ ಸಾಲು

ಎಂಬತ್ತರ ದಶಕದಲ್ಲಿ ನಾನು ರಾಜಾಜಿನಗರದ ಒಂದು ಪ್ರಯೋಗಾಲಯದಲ್ಲಿ ತಾತ್ಕಾಲಿಕ ಪ್ರೋಗ್ರಾಮರ್ ಆಗಿದ್ದೆ. ನೆಲದ ಕಂಪನ ಅಳೆಯುವ ಉಪಕರಣಗಳಿಂದ ಬಂದ ಅಂಕಿಗಳ ಏರಿಳಿತವನ್ನು ಕಂಪ್ಯೂಟರಿನಲ್ಲಿ ನಯಗೊಳಿಸುವುದು ಕೆಲಸ. ಆ ಲೆಕ್ಕಕ್ಕೆ ಕಾನ್ವಲ್ಯೂಷನ್ ಎಂಬ ಭಾರೀ ಹೆಸರು. ನಮ್ಮ ಮಟ್ಟಿಗೆ ಅದು ಇಷ್ಟೇ: ಅಕ್ಕಪಕ್ಕದ ಒಂದಷ್ಟು ಅಂಕಿಗಳ ಸರಾಸರಿ ತೆಗೆಯುವುದು, ಒಂದು ಅಂಕಿ ಮುಂದೆ ಸರಿಯುವುದು, ಮತ್ತೆ ಎಲ್ಲವನ್ನೂ ಮೊದಲಿನಿಂದ ಕೂಡುವುದು. ಒಂದು ದಾಖಲೆ ಮುಗಿಯುವಷ್ಟರಲ್ಲಿ ಮಧ್ಯಾಹ್ನವೆಲ್ಲ ಕಳೆದುಹೋಗುತ್ತಿತ್ತು.

ವಿಜಯನಗರದ ನಮ್ಮ ಮನೆಯೋ ನೆಂಟರ ಪಾಲಿನ ಛತ್ರ. ಅಕ್ಕಿ ಅಳೆಯುವಾಗ ಅಮ್ಮ ದಿನಾ ತಲೆ ಎಣಿಸುತ್ತಿರಲಿಲ್ಲ. "ಯಾರು ಬಂದ್ರು, ಯಾರು ಹೋದ್ರು, ಅಷ್ಟು ಹೇಳೇ ಸಾಕು" ಎನ್ನುತ್ತಿದ್ದಳು. ಒಂದು ಸಂಜೆ ಆ ಮಾತು ಕೇಳುತ್ತಲೇ ನನಗೆ ಹೊಳೆಯಿತು. ಹಳೆಯ ಮೊತ್ತಕ್ಕೆ ಒಳಬಂದ ಅಂಕಿಯನ್ನು ಕೂಡಿಸಿ, ಹೊರಹೋದದ್ದನ್ನು ಕಳೆದರೆ ಮುಗಿಯಿತಲ್ಲ! ಮರುದಿನವೇ ಬರೆದೆ. ಕಾಫಿ ಕುಡಿದು ಬರುವಷ್ಟರಲ್ಲಿ ದಾಖಲೆ ಮುಗಿದಿತ್ತು.

ಪ್ರೋಗ್ರಾಂನ ಮೊದಲ ಸಾಲಿನಲ್ಲಿ ಬರೆದವರ ಹೆಸರು ಇರಬೇಕು. ಕಾಯಂ ಹುದ್ದೆಗೆ ಆರಿಸುವವರು ನೋಡುತ್ತಿದ್ದುದೇ ಆ ಸಾಲನ್ನು. ನಮ್ಮ ಮುಖ್ಯಸ್ಥರು ಅಲ್ಲಿ ತಮ್ಮ ಹೆಸರು ಹಾಕಿಕೊಂಡರು. ಧೈರ್ಯ ಮಾಡಿ ಕೇಳಿದೆ.

"ಲ್ಯಾಬ್ ಅಂದ್ರೆ ಒಂದು ಸಂಸಾರ ಕಣಮ್ಮಾ. ನಂದು ನಿಂದು ಅಂತ ಏನಿದೆ?"

ಸಂಸಾರವೇ ಸರಿ. ನಮ್ಮ ಮನೆಯಲ್ಲೂ ಬೇಯಿಸುವವಳು ಅಮ್ಮ, ಗೇಟಿನ ಮೇಲೆ ಅಪ್ಪನ ಹೆಸರು.

ಈ ಅಡ್ಡದಾರಿ ಪೂರ್ಣಾಂಕಗಳಿಗೆ ಮಾತ್ರ ಸಲ್ಲುವಂಥದ್ದು. ದಶಮಾಂಶಗಳ ಬಾಲವನ್ನು ಕಂಪ್ಯೂಟರ್ ಒಂಚೂರು ಕತ್ತರಿಸಿಯೇ ಇಟ್ಟುಕೊಳ್ಳುತ್ತದೆ. ಕೂಡುತ್ತ ಕಳೆಯುತ್ತ ಹೋದಂತೆ ಆ ಚೂರುಗಳ ತಪ್ಪು ಮೊತ್ತದಲ್ಲೇ ಬೆಳೆಯುತ್ತದೆ. ಅದಕ್ಕೇ ಒಂದು ತಡೆ ಬರೆದಿದ್ದೆ: ದಶಮಾಂಶ ಬಂದರೆ ಹಳೆಯ ನಿಧಾನದ ದಾರಿಯನ್ನೇ ಹಿಡಿ ಎಂದು. ಮುಂದೆ ಬಂದ ಹೊಸ ಉಪಕರಣ ದಶಮಾಂಶದಲ್ಲೇ ಅಂಕಿ ಕೊಡತೊಡಗಿತು. ಪ್ರೋಗ್ರಾಂ ಮತ್ತೆ ಆಮೆಯಾಯಿತು.

"ಆ ತಡೆ ತೆಗೆದುಬಿಡಮ್ಮಾ. ನಾಳೆ ದೊಡ್ಡೋರು ನೋಡೋಕೆ ಬರ್ತಿದಾರೆ."

"ಬೇಡ ಸಾರ್, ತಪ್ಪು ಬೆಳೆದು ಗ್ರಾಫಿನ ಗೆರೆ ಜಾರುತ್ತೆ."

ಮುಖ್ಯಸ್ಥರು ತಾವೇ ಕೂತು ತೆಗೆದರು.

ಮರುದಿನ, ಬಂದವರ ಕಣ್ಣೆದುರೇ, ಕಂಪನವೇ ಇಲ್ಲದ ನೆಲದ ಗೆರೆ ಗ್ರಾಫ್ ಬರೆಯುವ ಪ್ಲಾಟರಿನ ಕಾಗದದ ಮೇಲೆ ಮೆಲ್ಲಗೆ ಕೆಳಗಿಳಿಯತೊಡಗಿತು. ಅವರಲ್ಲೊಬ್ಬರು ನಕ್ಕೇಬಿಟ್ಟರು. "ಯಾರ್ರೀ ಇದನ್ನ ಬರೆದಿದ್ದು? ಪ್ರಿಂಟ್ ತೆಗೆದು ಕೊಡಿ ನೋಡೋಣ."

ಮುಖ್ಯಸ್ಥರು ಒಳಗೆ ಟರ್ಮಿನಲ್ಲಿನ ಮುಂದೆ ಬಂದು ಕೂತರು. ಪಕ್ಕದಲ್ಲೇ ನಾನು ನಿಂತಿದ್ದೆ. ಮೊದಲ ಸಾಲಿನಿಂದ ತಮ್ಮ ಹೆಸರನ್ನು ಅಳಿಸಿದರು. ಆ ಜಾಗದಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತ ನನ್ನ ಹೆಸರು ಬರೆದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಹೆಸರು ಮುಗಿಸಿ ನನ್ನ ಕಡೆ ತಿರುಗಿದರು.

"ನಿನ್ನ ಇನಿಷಿಯಲ್ ಏನಮ್ಮಾ?"

ಹೇಳಿದೆ.