ಮೂರು ಅರ್ಥದ ಖಲಾಸ್, ಒಂದೇ ಬಟನ್

೨೦೦೪ರಲ್ಲಿ ನಾನು ಕುವೈತಿನ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಇಂಟರ್‌ಫೇಸ್ ಡಿಸೈನರ್ ಆಗಿದ್ದೆ. ಕಂಪ್ಯೂಟರ್ ಪರದೆಯ ಮೇಲೆ ಯಾವ ಬಟನ್ ಎಲ್ಲಿರಬೇಕು, ಅದರ ಮೇಲೆ ಏನು ಬರೆದಿರಬೇಕು, ಒತ್ತಿದರೆ ಏನಾಗಬೇಕು ಎಂದು ತೀರ್ಮಾನಿಸುವುದು ನನ್ನ ಕೆಲಸ. ಮೈಸೂರಿನಲ್ಲಿ ನಮ್ಮ ಅತ್ತೆಗೆ ಇದನ್ನು ಬಿಡಿಸಿ ಹೇಳಿದಾಗ ಅವರು, "ಇಷ್ಟಕ್ಕೆಲ್ಲ ಸಂಬಳ ಕೊಡ್ತಾರೇನಮ್ಮ?" ಎಂದು ಕೇಳಿದ್ದರು. ಕೊಡುತ್ತಿದ್ದರು. ಅದು ನ್ಯಾಯವಾದ ಸಂಬಳವೇ ಎಂದು ನನಗೆ ಮನದಟ್ಟಾದದ್ದು ಶುವೈಖ್ ಕೈಗಾರಿಕಾ ಪ್ರದೇಶದ ಒಂದು ಬೇಕರಿಯಲ್ಲಿ.

ಬೇಕರಿ ಅಂದರೆ ನಮ್ಮ ಕಡೆಯ ಬನ್ನು, ಪಫ್ಸಿನ ಅಂಗಡಿಯಲ್ಲ. ಊರಿಗೆಲ್ಲ ಖುಬ್ಬೂಸ್ ರೊಟ್ಟಿ ಕಳಿಸುವ ಕಾರ್ಖಾನೆ. ಯಾವ ಓವನ್ ಎಷ್ಟು ಗಂಟೆಗೆ ಹೊತ್ತಿಕೊಳ್ಳಬೇಕು, ಎಷ್ಟು ಬಿಸಿಯಾಗಬೇಕು ಎಂಬುದನ್ನೆಲ್ಲ ನಮ್ಮ ಕಂಪನಿಯ ಸಾಫ್ಟ್‌ವೇರ್ ನೋಡಿಕೊಳ್ಳುತ್ತಿತ್ತು. ಆ ಹೊತ್ತು, ಆ ಬಿಸಿಯನ್ನು ಬದಲಿಸಲು ಇದ್ದದ್ದೇ ಸೆಟ್ಟಿಂಗ್ಸ್ ವಿಂಡೋ. ಅದನ್ನು ಮಾಡಿದ ಪ್ರೋಗ್ರಾಮರ್ ಆಗಲೇ ಕೆನಡಾಕ್ಕೆ ಹಾರಿದ್ದ. ಬೇಕರಿಯಿಂದ ಎರಡು ದೂರುಗಳು ಒಟ್ಟಿಗೇ ಬಂದವು: ಬದಲಿಸದಿದ್ದರೂ ಸೆಟ್ಟಿಂಗ್ ಬದಲಾಗುತ್ತದೆ, ಬದಲಿಸಿದರೆ ನಿಲ್ಲುವುದಿಲ್ಲ. ನಮ್ಮ ಮ್ಯಾನೇಜರ್ ಕೈಮುಗಿದು ಆ ಕಡತವನ್ನು ನನ್ನ ಮೇಜಿಗೆ ದಾಟಿಸಿದರು.

ಬೇಕರಿಯಲ್ಲಿ ಮೊದಲು ಸಿಕ್ಕವರು ಶಿಫ್ಟ್ ಸೂಪರ್‌ವೈಸರ್ ಹಮೀದ್ ಭಾಯಿ. ಬಂಟ್ವಾಳದ ಕಡೆಯ ಬ್ಯಾರಿ, ಕುವೈತಿನ ಅಬ್ಬಾಸಿಯಾ ಬಡಾವಣೆಯಲ್ಲಿ ವಾಸ. ನನ್ನ ಬಾಯಲ್ಲಿ ಕನ್ನಡ ಬಂದದ್ದೇ ತಡ, ಕುರ್ಚಿ ಎಳೆದು ಕೂತು ಕಷ್ಟಸುಖ ಶುರುಮಾಡಿದರು. ಆ ವಿಂಡೋವನ್ನು ಪಳಗಿಸಲು ಬರುತ್ತಿದ್ದದ್ದು ಅವರೊಬ್ಬರಿಗೇ. ಯಾರ ಶಿಫ್ಟ್ ಇರಲಿ, ಓವನ್ ಮುನಿಸಿಕೊಂಡರೆ ಫೋನ್ ಅವರಿಗೆ. ಈಗ ಊರಲ್ಲಿ ಮಗಳ ನಿಕಾಹ್ ಗೊತ್ತಾಗಿತ್ತು. ಮಾಲೀಕರು ರಜೆಗೆ ಸಹಿ ಹಾಕುತ್ತಿರಲಿಲ್ಲ. ನೀನು ಹೋಗು, ಓವನ್ ಕೆಟ್ಟರೆ ಅದನ್ನೂ ಮಂಗಳೂರಿಗೆ ಕಳಿಸಲೇ ಎಂದು ಕೇಳಿದ್ದರಂತೆ.

"ನಿಕಾಹ್‌ನಲ್ಲಿ ಅಳಿಯನ ಕೈ ಹಿಡಿದು ಮಗಳನ್ನು ಒಪ್ಪಿಸ್ಲಿಕ್ಕೆ ಅಪ್ಪನೇ ಬೇಕು ಮೇಡಂ," ಎಂದರು ಹಮೀದ್ ಭಾಯಿ. "ಇಲ್ಲಿ ಎಂತ ಉಂಟು, ಒಂದು ಓವನ್. ಅದನ್ನು ನಿಮ್ಮ ಕೈಗೆ ಒಪ್ಪಿಸ್ತೇನೆ, ಸರಿ ಮಾಡಿ ಕೊಡಿ ಮಾರಾಯ್ರೆ."

ವಿಂಡೋ ತೆರೆದು ನೋಡಿ ನಾನು ದಂಗಾದೆ. ಸಾಮಾನ್ಯವಾಗಿ ಇಂಥ ಕಡೆ ಬದಲಾವಣೆ ಉಳಿಸುವ ಸೇವ್ ಮತ್ತು ಬೇಡವೆಂದು ಬಿಡುವ ಕ್ಯಾನ್ಸಲ್ ಇರುತ್ತವೆ. ಇಲ್ಲಿ ಅಂಗೈ ಅಗಲದ ಒಂದೇ ಹಸಿರು ಬಟನ್, ಅದರ ಮೇಲೆ ಅರಬ್ಬಿಯಲ್ಲೂ ಇಂಗ್ಲಿಷಿನಲ್ಲೂ 'ಖಲಾಸ್'. ಇದು ಮಾಲೀಕರ ಅಪ್ಪಣೆಯಂತೆ. ಹಿರಿಮಗನ ಹೆಸರು ಸೇರಿಸಿ, ನಾಸಿರನ ಅಪ್ಪ ಎಂಬರ್ಥದಲ್ಲಿ, ಎಲ್ಲರೂ ಅವರನ್ನು ಬೂ ನಾಸಿರ್ ಎನ್ನುತ್ತಿದ್ದರು. ಹತ್ತೆಂಟು ಬಟನ್ ಯಾಕೆ, ನನ್ನ ಜನ ಆಡುವ ಮಾತು ಒಂದೇ, ಅದನ್ನೇ ಹಾಕು ಎಂದಿದ್ದರು. ಪ್ರೋಗ್ರಾಮರ್ ಹಾಕಿದ. ಒತ್ತಿದರೆ ವಿಂಡೋದಲ್ಲಿ ಇದ್ದದ್ದೆಲ್ಲ ಸೇವ್ ಆಗಿ ಮುಚ್ಚಿಕೊಳ್ಳುತ್ತಿತ್ತು.

ಎರಡು ದಿನ ಸುಮ್ಮನೆ ಪಕ್ಕದಲ್ಲಿ ಕೂತು ನೋಡಿದೆ. ಈಜಿಪ್ಟಿನ ಮುಖ್ಯ ಬೇಕರ್ ಮಹಮೂದ್ ಬಂದು, ಓವನ್ ಸಮಯ ಎಷ್ಟಕ್ಕಿದೆ ನೋಡೋಣ ಅಂತ ವಿಂಡೋ ತೆರೆದ. ಕೈ ತಗುಲಿ ಒಂದು ಅಂಕಿ ಬದಲಾಯಿತು. ಸಾಕು, ಬಿಡು ಎನ್ನುವ ಹಾಗೆ ಕೈಕೊಡವಿ ಖಲಾಸ್ ಒತ್ತಿದ. ತಪ್ಪು ಅಂಕಿ ಸೇವ್ ಆಯಿತು. ಆಮೇಲೆ ಬೀದರಿನ ಆಪರೇಟರ್ ಶಿವರಾಜ ಬಂದ. ಓವನ್ ಸಮಯವನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ತಿದ್ದಿದ. ಖಲಾಸ್ ಬಟನ್‌ನ ಹತ್ತಿರವೂ ಸುಳಿಯದೆ ಮೂಲೆಯ ಎಕ್ಸ್ ಒತ್ತಿ ಮುಚ್ಚಿದ. ತಿದ್ದಿದ್ದೆಲ್ಲ ನೀರುಪಾಲು. ಯಾಕಪ್ಪಾ ಹೀಗೆ ಎಂದು ಕೇಳಿದೆ.

"ಖಲಾಸ್ ಅಂದ್ರ ಕಥೀನೇ ಮುಗೀತಲ್ರೀ ಮೇಡಂ," ಎಂದ. "ಅದನ್ನ ಒತ್ತಿ ಎಲ್ಲಾ ಹಾಳ ಮಾಡ್ಲೇನ್ರಿ?"

ನನಗೆ ನಗು ತಡೆಯಲಾಗಲಿಲ್ಲ. ಮಾಲೀಕರ ಖಲಾಸ್ ಎಂದರೆ ಕೆಲಸ ಆಯಿತು, ಪಕ್ಕಾ. ಮಹಮೂದನ ಖಲಾಸ್ ಎಂದರೆ ಸಾಕು, ಬಿಟ್ಟುಬಿಡು. ಶಿವರಾಜನ ಖಲಾಸ್ ಎಂದರೆ ತಿಥಿ ಊಟವೂ ಮುಗಿದ ಹಾಗೆ. ಮೂವರೂ ದಿನವಿಡೀ ಅದೇ ಪದ ಆಡುತ್ತ ಒಬ್ಬರನ್ನೊಬ್ಬರು ಚೆನ್ನಾಗಿ ಅರ್ಥಮಾಡಿಕೊಳ್ಳುತ್ತಿದ್ದರು, ಯಾಕೆಂದರೆ ಮಾತಿಗೆ ಮುಖ ಇದೆ, ಕೈ ಇದೆ. ಬಡಪಾಯಿ ಬಟನ್‌ಗೆ ಅವೆರಡೂ ಇಲ್ಲ. ಹಮೀದ್ ಭಾಯಿಗೂ ಇದರ ಗುಟ್ಟೇನೂ ಗೊತ್ತಿರಲಿಲ್ಲ. ಒತ್ತಿ, ಮತ್ತೆ ತೆರೆದು ನೋಡಿ, ಸರಿಯಿಲ್ಲದಿದ್ದರೆ ಮತ್ತೆ ತಿದ್ದುವ ತಾಳ್ಮೆ ಇತ್ತು ಅಷ್ಟೆ.

ನಾನು ಎರಡು ಬಟನ್ ಬರೆದೆ. ಸೇವ್, ಕ್ಯಾನ್ಸಲ್ ಎಂಬ ಪದಗಳನ್ನೇ ಕೈಬಿಟ್ಟೆ. ಒಂದರ ಮೇಲೆ 'ಹೊಸ ಸಮಯ ಇರಲಿ', ಇನ್ನೊಂದರ ಮೇಲೆ 'ಹಳೆಯದೇ ಇರಲಿ' ಎಂಬರ್ಥದ ಅರಬ್ಬಿ, ಇಂಗ್ಲಿಷ್ ಮಾತು. ಏನೂ ಬದಲಾಗದಿದ್ದರೆ ಎರಡೂ ಮಂಕಾಗಿರುತ್ತವೆ. ಬದಲಾದರೆ, ಮೊದಲು ಎಷ್ಟಿತ್ತು, ಈಗ ಎಷ್ಟಾಗಿದೆ ಎಂದು ಅವುಗಳ ಮೇಲೆಯೇ ಒಂದು ಸಾಲು ಕಾಣುತ್ತದೆ. ಎಕ್ಸ್ ಒತ್ತಿ ಓಡಿಹೋಗಲು ನೋಡಿದರೆ ವಿಂಡೋ ತಡೆದು ಅದೇ ಎರಡು ಮಾತು ಕೇಳುತ್ತದೆ.

ಬೂ ನಾಸಿರ್ ಒಪ್ಪಲಿಲ್ಲ. ಒಂದೇ ಬಟನ್ ಎಂದಿದ್ದೆನಲ್ಲ ಎಂದು ಗದರಿದರು. ನನಗೂ ಮೂಗಿನ ತುದಿಯಲ್ಲೇ ಕೋಪ. ಏನೋ ಹೇಳಲು ಹೊರಟೆ, ಅಷ್ಟರಲ್ಲಿ ಗಹ್ವಾ ಬಂತು. ಏಲಕ್ಕಿ ಹಾಕಿದ ಅರಬ್ಬಿ ಕಾಫಿ, ಹಿಡಿಯಿಲ್ಲದ ಪುಟ್ಟ ಬಟ್ಟಲಿನಲ್ಲಿ. ಕುಡಿದು ಬಟ್ಟಲನ್ನು ಸುಮ್ಮನೆ ಚಾಚಿದರೆ ಮತ್ತೆ ತುಂಬುತ್ತಾರೆ. ಸಾಕಾದರೆ ಬಟ್ಟಲನ್ನು ಮೆಲ್ಲಗೆ ಅಲ್ಲಾಡಿಸಿ ಕೊಡಬೇಕು. ಕುವೈತಿಗೆ ಬಂದ ಹೊಸತರಲ್ಲಿ ಇದು ತಿಳಿಯದೆ, ಮರ್ಯಾದೆಗೆಂದು ಕುಡಿದೂ ಕುಡಿದೂ ನನಗೆ ರಾತ್ರಿಯಿಡೀ ನಿದ್ದೆ ಬಂದಿರಲಿಲ್ಲ. ಅದನ್ನೇ ಹೇಳಿದೆ. ನಿಮ್ಮ ಹಿರಿಯರು ಒಂದು ಬಟ್ಟಲಿಗೆ ಎರಡು ಸನ್ನೆ ಇಟ್ಟಿದ್ದಾರೆ, ಇನ್ನೂ ಬೇಕು ಎನ್ನಲು ಒಂದು, ಸಾಕು ಎನ್ನಲು ಒಂದು. ನಿಮ್ಮ ಓವನ್‌ಗೆ ಒಂದೇ ಸನ್ನೆ ಕೊಟ್ಟರೆ ಅದು ತುಂಬಬೇಕೋ ನಿಲ್ಲಿಸಬೇಕೋ ಎಂದೆ. ಅವರು ಕೈಯಲ್ಲಿದ್ದ ಬಟ್ಟಲನ್ನೇ ನೋಡಿದರು. ಆಮೇಲೆ ಹೊಟ್ಟೆ ಕುಣಿಯುವಂತೆ ನಕ್ಕರು.

ಆದರೂ ವ್ಯಾಪಾರಿ ವ್ಯಾಪಾರಿಯೇ, ಒಂದು ಷರತ್ತು ಹಾಕಿದರು. ಹೊಸ ವಿಂಡೋ ಹಾಕಿದ ಮೇಲೆ ಹಮೀದ್ ಭಾಯಿಯ ಮೊಬೈಲ್ ಒಂದು ವಾರ ತಮ್ಮ ಡ್ರಾಯರಿನಲ್ಲಿ. ಅಷ್ಟರೊಳಗೆ ಓವನ್‌ಗಾಗಿ ಯಾರಾದರೂ ಹಮೀದನನ್ನು ಹುಡುಕಿಕೊಂಡು ಬಂದರೆ ರಜೆ ಇಲ್ಲ.

ಹಮೀದ್ ಭಾಯಿಗೆ ಆ ವಾರ ಅನ್ನ ಇಳಿಯಲಿಲ್ಲ. ಯಾರಾದರೂ ಸಲಾಂ ಹೇಳಿದರೂ ಬೆಚ್ಚಿಬೀಳುತ್ತಿದ್ದರು. ಯಾರೂ ಬರಲಿಲ್ಲ. ಕೊನೆಯ ದಿನ ನಾವಿಬ್ಬರೂ ಬೂ ನಾಸಿರ್ ಎದುರು ಕೂತಿದ್ದಾಗ ಬಾಗಿಲು ದೂಡಿಕೊಂಡು ಮಹಮೂದ್ ಬಂದ, ಮೈಯೆಲ್ಲ ಹಿಟ್ಟು. ಹಮೀದ್, ನಿನ್ನನ್ನೇ ಹುಡುಕುತ್ತಿದ್ದೆ ಎಂದ. ಹಮೀದ್ ಭಾಯಿ ಕಣ್ಣು ಮುಚ್ಚಿಕೊಂಡರು. ಬೂ ನಾಸಿರ್ ಏನಾಯಿತೆಂದು ಕೇಳಿದರು. ಮದುಮಗಳ ಹೆಸರನ್ನು ಇಂಗ್ಲಿಷಿನಲ್ಲಿ ಹೇಗೆ ಬರೆಯುವುದು, ಊರಿಗೆ ಹೊರಡುವ ಹಮೀದನಿಗೆಂದು ನಾವೆಲ್ಲ ಮಾಡಿದ ಕೇಕ್ ಮೇಲೆ ಹಾಕಬೇಕಿತ್ತು ಎಂದ ಮಹಮೂದ್. ಓವನ್‌ಗಳು ಸರಿಯಾಗಿದ್ದವು, ಆ ಕೇಕೂ ಅವುಗಳಲ್ಲೇ ಬೆಂದಿತ್ತು.

ಬೂ ನಾಸಿರ್ ರಜೆಯ ಕಾಗದವನ್ನು ಎಳೆದುಕೊಂಡು, ಹಮೀದ್ ಭಾಯಿಯ ಮುಖ ನೋಡಿ, "ಖಲಾಸ್" ಎಂದರು.

ಹಮೀದ್ ಭಾಯಿ ನನ್ನ ಕಡೆ ಬಗ್ಗಿ ಪಿಸುಗುಟ್ಟಿದರು. "ಮೇಡಂ, ಇದು ಯಾವ ಖಲಾಸ್?"

ಏನಂದ ಅವನು ಎಂದು ಮಾಲೀಕರು ಕೇಳಿದರು. ನಾನು ಹೇಳಿದೆ. ಅವರು ಮತ್ತೆ ನಕ್ಕು, ಪೆನ್ನು ತೆಗೆದು ಸಹಿ ಹಾಕಿ, ಕಾಗದವನ್ನೂ ಮೊಬೈಲನ್ನೂ ಮುಂದೆ ದೂಡಿದರು.

ನಿಕಾಹ್ ಚೆನ್ನಾಗಿ ನಡೆಯಿತು. ಅಳಿಯನ ಕೈ ಹಿಡಿದಿದ್ದಷ್ಟು ಹೊತ್ತೂ ಜೇಬಿನಲ್ಲಿದ್ದ ಫೋನ್ ತೆಪ್ಪಗಿತ್ತಂತೆ. ಆ ಬೇಕರಿಯಲ್ಲಿ ನಾನು ಕಲಿತದ್ದನ್ನು ಮುಂದೆ ಕೆಲಸಕ್ಕೆ ಸೇರಿದ ಹೊಸಬರಿಗೆಲ್ಲ ಹೇಳಿದ್ದೇನೆ: ಬಟನ್ ಮೇಲೆ ಯಂತ್ರ ಏನು ಮಾಡುತ್ತದೆ ಎಂದು ಬರೆಯಬೇಡಿ, ಒತ್ತಿದವರಿಗೆ ಕೊನೆಗೆ ಏನು ಉಳಿಯುತ್ತದೆ ಎಂದು ಬರೆಯಿರಿ. ಅದನ್ನು ಓದಿಯೂ ಯಾರಾದರೂ ಪಕ್ಕದವರ ಕಡೆ ಬಗ್ಗಿ ಇದು ಯಾವುದು ಎಂದು ಪಿಸುಗುಟ್ಟಿದರೆ, ನಿಮ್ಮ ಕೆಲಸ ಇನ್ನೂ ಮುಗಿದಿಲ್ಲ.