ಮೂರನೆಯ ಸಲ ಕೇಳುವ ತನಕ

ಯಾರಾದರೂ ಏನಾದರೂ ಕೊಡಲು ಬಂದರೆ ನನ್ನ ಬಾಯಿಂದ ಮೊದಲು ಬರುವ ಮಾತು 'ಬೇಡ'. ಬೇಕೋ ಬೇಡವೋ ಎಂದು ಹೊಟ್ಟೆಯನ್ನು ಕೇಳುವ ಮೊದಲೇ ನಾಲಿಗೆ ಉತ್ತರ ಕೊಟ್ಟು ಮುಗಿಸಿರುತ್ತದೆ. ಇದು ಸಂಕೋಚವಲ್ಲ, ತ್ಯಾಗವಂತೂ ಅಲ್ಲವೇ ಅಲ್ಲ. ಧಾರವಾಡದಲ್ಲಿ ಬೆಳೆದವರಿಗೆ ಇದನ್ನು ಯಾರೂ ಕೂರಿಸಿಕೊಂಡು ಕಲಿಸುವುದಿಲ್ಲ. ನೆಗಡಿಯ ಹಾಗೆ ಮನೆಯವರಿಂದ ಅಂಟಿಕೊಳ್ಳುತ್ತದೆ.

ನಮ್ಮ ಕಡೆ ಮೊದಲನೆಯ 'ಬ್ಯಾಡ್ರಿ' ಬರೀ ನಮಸ್ಕಾರ. ಎರಡನೆಯದು, ನೀವು ಮನಸ್ಸಿನಿಂದ ಕೇಳುತ್ತಿದ್ದೀರೋ ಬಾಯಿಮಾತಿಗೋ ಎಂಬ ಪರೀಕ್ಷೆ. ಮೂರನೆಯ ಸಲ ಕೇಳಿದ ಮೇಲೆ ಮಾತ್ರ ಹೊಟ್ಟೆಯ ವಿಚಾರ ಬರುತ್ತದೆ. ಪಂಕ್ತಿಯಲ್ಲಿ ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು ಬಗ್ಗಿ ಕುಳಿತವರದು ಮಾತ್ರ ಅಸಲಿ ಬೇಡ. ನನ್ನ ಅಜ್ಜಿ ಅಂಥವರ ಬೆರಳ ಸಂದಿಯಿಂದಲೂ ತುಪ್ಪ ಇಳಿಸುತ್ತಿದ್ದಳು. ಶಾಸ್ತ್ರ ಇಷ್ಟು ಸ್ಪಷ್ಟವಾಗಿದ್ದ ಮೇಲೆ ಯಾರೂ ಹಸಿದುಕೊಂಡು ಏಳುವ ಪ್ರಶ್ನೆಯೇ ಇರಲಿಲ್ಲ, ನಾನು ಓದಲು ಲಂಡನ್ನಿಗೆ ಬರುವ ತನಕ.

ಬಂದದ್ದು ನಗರಗಳ ಒಳಚರಂಡಿಯ ಬಗ್ಗೆ ಮಾಸ್ಟರ್ಸ್ ಮಾಡಲು. "ಗಟಾರದ ಬಗ್ಗೆ ಓದಾಕ ಅಷ್ಟು ದೂರ ಹೋಗಬೇಕೇನವಾ? ನಮ್ಮ ಓಣ್ಯಾಗ ಇಲ್ಲೇನು?" ಎಂದು ಅಪ್ಪ ಕೇಳಿದ್ದರು. ಲಂಡನ್ನಿನ ಪೂರ್ವ ಭಾಗದ ಸ್ಟ್ರಾಟ್‌ಫರ್ಡ್‌ನಲ್ಲಿ ಮಾರ್ಗರೆಟ್ ಎಂಬ ನಿವೃತ್ತ ನರ್ಸ್ ತಮ್ಮ ಮನೆಯ ಮೇಲಿನ ಕೋಣೆಯನ್ನು ನನಗೆ ಬಾಡಿಗೆಗೆ ಕೊಟ್ಟರು. ಬಹಳ ಒಳ್ಳೆಯ ಹೆಂಗಸು. ಮೊದಲ ದಿನ ಸಂಜೆ, "ಚಹಾ ಕುಡಿಯುತ್ತೀಯಾ?" ಎಂದು ಕೇಳಿದರು. ನಾನು ಪದ್ಧತಿಯಂತೆ "ಬೇಡ, ಬೇಡ" ಎಂದೆ. "ಸರಿ" ಎಂದವರೇ ಒಂದೇ ಕಪ್ಪಿಗೆ ಬಿಸಿನೀರು ಹಾಕಿಕೊಂಡು ಟೀವಿಯ ಮುಂದೆ ಹೋಗಿ ಕುಳಿತರು. ನಾನು ಎರಡನೆಯ ಪ್ರಶ್ನೆಗಾಗಿ ಅಡುಗೆಮನೆಯ ಬಾಗಿಲಲ್ಲಿ ಕಾಯುತ್ತ ನಿಂತೇ ಇದ್ದೆ. ಸ್ವಲ್ಪ ಹೊತ್ತಾದ ಮೇಲೆ ಮಾರ್ಗರೆಟ್ ತಿರುಗಿ ನೋಡಿ, "ಏನಾದರೂ ಹುಡುಕುತ್ತಿದ್ದೀಯಾ?" ಎಂದರು.

ಈ ಕಥೆ ಕೇಳಿದ ನನ್ನ ಸಹಪಾಠಿ ಫೆಮ್ಕೆಗೆ ತಲೆಬುಡ ಗೊತ್ತಾಗಲಿಲ್ಲ. ಫೆಮ್ಕೆ ಡಚ್ ಹುಡುಗಿ, ಮನುಷ್ಯರಿಗಿಂತ ಸೈಕಲ್ಲುಗಳೇ ಹೆಚ್ಚಿರುವ ಒಂದು ವಿಶ್ವವಿದ್ಯಾಲಯದ ಊರಿನವಳು.

"ಬೇಕಾಗಿದ್ದರೆ ಬೇಡ ಅಂತ ಯಾಕೆ ಹೇಳಿದೆ?"

"ಮರ್ಯಾದೆಗೆ."

"ಸುಳ್ಳು ಹೇಳುವುದು ಮರ್ಯಾದೆಯಾ?"

ಅವಳ ಮನೆಯಲ್ಲಿ ಕಾಫಿಯ ಜೊತೆ ಒಂದು ಬಿಸ್ಕತ್ತು ಕೊಟ್ಟು ಡಬ್ಬಿಯ ಮುಚ್ಚಳ ಹಾಕಿಬಿಡುತ್ತಾರಂತೆ. ಇನ್ನೊಂದು ಬೇಕಿದ್ದರೆ ಬಾಯಿಬಿಟ್ಟು ಕೇಳಬೇಕಂತೆ. ನನಗೆ ಅವಳ ಬಾಲ್ಯದ ಬಗ್ಗೆ ಅಯ್ಯೋ ಪಾಪ ಅನ್ನಿಸಿತು.

ಚಹಾ ಹೋದರೆ ಹೋಗಲಿ, ಹೋದದ್ದು ಅದೊಂದೇ ಅಲ್ಲ. ಆ ಕೋಣೆಯ ಕರಾರು ಜೂನಿಗೆ ಮುಗಿಯುವುದಿತ್ತು. ನನ್ನ ಪ್ರಬಂಧ ಮುಗಿಯುವುದು ಸೆಪ್ಟೆಂಬರಿಗೆ. ನಡುವಿನ ತಿಂಗಳುಗಳಿಗಷ್ಟೇ ಕೋಣೆ ಕೊಡುವವರು ಲಂಡನ್ನಿನಲ್ಲಿ ಸಿಗುವುದು ಕಷ್ಟ. ನಾನು ಒಳಗೊಳಗೇ ಒದ್ದಾಡುತ್ತಿದ್ದಾಗ ಒಂದು ಬೆಳಿಗ್ಗೆ ಮಾರ್ಗರೆಟ್ ಟೋಸ್ಟಿಗೆ ಬೆಣ್ಣೆ ಹಚ್ಚುತ್ತ, "ಸೆಪ್ಟೆಂಬರ್ ತನಕ ಇಲ್ಲೇ ಇರುತ್ತೀಯೇನು?" ಎಂದರು. ಕುಣಿದುಬಿಡುವಷ್ಟು ಖುಷಿಯಾಯಿತು. ಬಾಯಿ ಮಾತ್ರ, "ಅಯ್ಯೋ ಬೇಡ, ನಿಮಗ್ಯಾಕೆ ತೊಂದರೆ" ಎಂದಿತು. ಮಾರ್ಗರೆಟ್ "ಸರಿ" ಎಂದರು. ಇನ್ನೆರಡು ಸಲ ಕೇಳಿಯೇ ಕೇಳುತ್ತಾರೆ, ಆಗ ಒಪ್ಪಿದರಾಯಿತು ಎಂದುಕೊಂಡು ನಾನು ಹಾಡು ಗುನುಗುತ್ತ ಕಾಲೇಜಿಗೆ ಹೋದೆ.

ನನ್ನ ಜೊತೆ ಓದಲು ಆಗಾಗ ಮಾರ್ಗರೆಟ್ ಮನೆಗೆ ಬರುತ್ತಿದ್ದ ಫೆಮ್ಕೆ ಮುಂದಿನ ವಾರ ಓಡಿಬಂದಳು. "ನಿನ್ನ ಕೋಣೆ ನನಗೆ ಸಿಕ್ಕಿತು! ಮಾರ್ಗರೆಟ್ ಕೇಳಿದರು, ಹೂಂ ಅಂದೆ." ನನ್ನ ಮುಖ ನೋಡಿ ನಿಂತಳು. "ನಿನಗೇ ಬೇಕಿತ್ತಾ?"

"ಛೇ, ಇಲ್ಲಪ್ಪ" ಎಂದೆ. ಆ ಪುಣ್ಯಾತ್ಗಿತ್ತಿ ಅದನ್ನೂ ನಂಬಿದಳು.

ಹೊಟ್ಟೆ ಉರಿಯಿತು, ಆದರೆ ಯಾರನ್ನು ಬೈಯುವುದು? ಕೇಳಿದವರು ಸರಿಯಾಗಿಯೇ ಕೇಳಿದ್ದರು, ಹೂಂ ಅಂದವಳು ಸರಿಯಾಗಿಯೇ ಅಂದಿದ್ದಳು. ಆ ರಾತ್ರಿ ನಿಶ್ಚಯ ಮಾಡಿದೆ: ಇನ್ನು ಮೇಲೆ ಏನು ಕೊಟ್ಟರೂ ಮೊದಲ ಸಲಕ್ಕೇ ಹೂಂ. ಈ ಹೊಸ ವ್ರತವನ್ನು ಶುರುಮಾಡಲು ನನಗೆ ಸಿಕ್ಕಿದ ಮೊದಲ ಜಾಗವೆಂದರೆ, ನನ್ನ ದುರದೃಷ್ಟ ನೋಡಿ, ಲಂಡನ್ನಿನ ಇನ್ನೊಂದು ತುದಿಯ ಕ್ವೀನ್ಸ್‌ಬರಿಯ ಸುಧಾ ಕಾಕುವಿನ ಮನೆ.

ಸುಧಾ ಕಾಕು ಅಪ್ಪನ ದೂರದ ತಮ್ಮನ ಹೆಂಡತಿ. ವಿಜಯಪುರದವರು, ಇಲ್ಲಿಗೆ ಬಂದು ಬಹಳ ವರ್ಷವಾಯಿತು. ಸ್ಟ್ರಾಟ್‌ಫರ್ಡ್‌ನಲ್ಲಿ ಟ್ಯೂಬ್ ರೈಲು ಹತ್ತಿದರೆ ನಡುವೆ ಇಳಿಯದೆ ಅವರ ಮನೆ ಮುಟ್ಟಬಹುದು. ಹೋದಾಗಲೆಲ್ಲ ಕಾಕು ಬಡಿಸುತ್ತ ಒಂದೇ ಮಾತು ಹೇಳುತ್ತಿದ್ದರು: "ಅಷ್ಟು ದೂರ ಯಾಕ ಇರ್ತಿಯವಾ? ಇಲ್ಲೇ ಬಂದು ಇದ್ದುಬಿಡು. ಇದೇನು ಬ್ಯಾರೇದವ್ರ ಮನೀ ಏನ?" ನಾನೂ ತಪ್ಪದೆ, "ಇರ್ಲಿ ಬಿಡ್ರಿ ಕಾಕು" ಎನ್ನುತ್ತಿದ್ದೆ. ಆ ಭಾನುವಾರ ಮಾತ್ರ, "ಹೂಂ ರೀ ಕಾಕು, ಬರ್ತೀನಿ. ಶನಿವಾರನೇ ಬರ್ಲೇನು?" ಎಂದುಬಿಟ್ಟೆ.

ತುಪ್ಪದ ಚಮಚ ಗಾಳಿಯಲ್ಲೇ ನಿಂತಿತು. ಕನ್ನಡವೆಲ್ಲ ಅರ್ಥವಾದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಅವರ ಮಗಳು ನಿಧಿ, ಅಮ್ಮನಿಗೆ ಕೇಳಿಸಲಿಲ್ಲವೇನೋ ಎಂದುಕೊಂಡು, "ಮಮ್, ಶಿ ಸೆಡ್ ಯೆಸ್" ಎಂದಳು.

ನಾಚಿಕೆಯಿಂದ ಸತ್ತೇಹೋದೆ. ಮೊದಲನೆಯ 'ಬೇಡ' ಹೇಗೆ ಬರೀ ನಮಸ್ಕಾರವೋ ಮೊದಲನೆಯ 'ಬಾ' ಕೂಡ ಹಾಗೆಯೇ ಎಂಬುದು ನನಗೆ ಆ ಕ್ಷಣದ ತನಕ ಹೊಳೆದಿರಲಿಲ್ಲ. ಆ ಮನೆಯಲ್ಲಿ ಖಾಲಿ ಇದ್ದದ್ದು ಮಹಡಿಯ ಮೇಲೊಂದು ಪುಟ್ಟ ಕೋಣೆ, ಅದರ ತುಂಬ ಅಕ್ಕಿಯ ಚೀಲ, ಸೂಟ್‌ಕೇಸು.

"ಇಲ್ರೀ ಕಾಕು, ಸುಮ್ನ ಅಂದೆ. ಬ್ಯಾಡ್ರಿ" ಎಂದೆ. ಕಣ್ಣಲ್ಲಿ ನೀರು ಬಂತು.

ಕಾಕು ಚಮಚ ಕೆಳಗಿಟ್ಟರು. "ಯಾಕ? ಇರಾಕ ಜಾಗಾ ಸಿಕ್ಕಿಲ್ಲೇನ ನಿನಗ?"

"ಸಿಗ್ತದ್ರಿ, ನೋಡ್ತೀನಿ."

"ಏನ್ ನೋಡ್ತಿ? ಬಂದುಬಿಡು."

"ಬ್ಯಾಡ್ರಿ, ನಿಮಗ ತ್ರಾಸು."

"ತ್ರಾಸಂತ ತ್ರಾಸು! ಬಾಯಿ ಮುಚ್ಚಿಕೊಂಡು ಪೆಟ್ಟಿಗಿ ತಂದಿಡು. ಅಕ್ಕಿಚೀಲಾ ನಿಧಿ ರೂಮಿನ್ಯಾಗ ಹೋಗ್ತಾವ."

"ವಾಟ್!" ಎಂದಳು ನಿಧಿ.

ಹೀಗೆ, ಶಾಸ್ತ್ರಪ್ರಕಾರ ಮೂರನೆಯ ಸಲಕ್ಕೆ, ನನಗೊಂದು ಮನೆ ಸಿಕ್ಕಿತು. ಅಕ್ಕಿಯ ವಾಸನೆಯ ಆ ಕೋಣೆಯಲ್ಲಿ ಕುಳಿತು ಪೂರ್ವ ಲಂಡನ್ನಿನ ಗಟಾರಗಳ ಬಗ್ಗೆ ಬರೆದು ಮುಗಿಸಿದೆ. ನಡುವೆ ಒಮ್ಮೆ ಫೆಮ್ಕೆಯನ್ನು ಊಟಕ್ಕೆ ಕರೆದಿದ್ದೆ. ಅವಳು ಹೊಟ್ಟೆ ತುಂಬಿದ ಮೇಲೆ ಪ್ರಾಮಾಣಿಕವಾಗಿ ಸಾಕು ಎಂದಳು. ಕಾಕು ಒಂದು ಹೋಳಿಗೆ ಹಾಕಿದರು. ಮತ್ತೆ ಸಾಕು ಎಂದಳು, ಮತ್ತೊಂದು ಬಿತ್ತು. ಟ್ಯೂಬ್ ಸ್ಟೇಷನ್ನಿಗೆ ನಿಧಾನವಾಗಿ ನಡೆದುಹೋಗುವಾಗ ಅವಳು, "ನೀನು ಆ ಕೋಣೆ ಬೇಡ ಅಂದದ್ದು ಹೀಗೆ ಮತ್ತೆ ಮತ್ತೆ ಕೇಳಲಿ ಅಂತಲೇನು?" ಎಂದು ಕೇಳಿದಳು. ನಾನು ಈ ಸಲ ಇಲ್ಲ ಎನ್ನಲಿಲ್ಲ.

ಸೆಪ್ಟೆಂಬರಿನಲ್ಲಿ ಮಾರ್ಗರೆಟ್ ಮನೆಯಲ್ಲಿ ಬಿಟ್ಟುಬಂದಿದ್ದ ಚಳಿಗಾಲದ ಕೋಟು ತರಲು ಹೋದೆ. "ಚಹಾ?" ಎಂದರು. "ಬೇಡ, ಥ್ಯಾಂಕ್ಸ್" ಎಂದೆ. ಅವರು ಹೋಗಲಿಲ್ಲ. ಮೆಟ್ಟಿಲ ಮೇಲೆ ನಿಂತಿದ್ದ ಫೆಮ್ಕೆಯನ್ನು ಒಮ್ಮೆ ನೋಡಿದರು. "ಖಂಡಿತ ಬೇಡವಾ?" "ಖಂಡಿತ ಬೇಡ." ಮಾರ್ಗರೆಟ್ ಮುಖ ಕೆಂಪಾಯಿತು. ಒಬ್ಬರನ್ನು ಹೀಗೆ ಪೀಡಿಸುವುದು ಅವರ ಜಾಯಮಾನಕ್ಕೇ ಒಗ್ಗದ ಕೆಲಸ. ಆದರೂ ಕೆಟಲ್ಲನ್ನು ಗಟ್ಟಿಯಾಗಿ ಹಿಡಿದುಕೊಂಡು, ಪಾಠ ಒಪ್ಪಿಸುವ ಹಾಗೆ, ಮೂರನೆಯ ಸಲ ಕೇಳಿದರು: "ಒಂದೇ ಒಂದು ಕಪ್ಪು?"

ಮನೆಯಿಂದ ಹೊರಡುವಾಗ ಕಾಕು ಎರಡು ಲೋಟ ಕುಡಿಸಿಯೇ ಕಳಿಸಿದ್ದರು. ಅವತ್ತು ನನಗೆ ನಿಜಕ್ಕೂ ಚಹಾ ಬೇಡವಾಗಿತ್ತು.

ಕುರ್ಚಿ ಎಳೆದುಕೊಂಡು ಕುಳಿತು, ತಳ ಕಾಣುವ ತನಕ ಕುಡಿದೆ.