ಗೋಣೆಪ್ಪನ ಕಲ್ಲಿನ ರೆಕ್ಕೆ

ಇರಕಲ್ಲಗಡದ ಗುಡ್ಡದಲ್ಲಿ ಕಲ್ಲು ಒಡೆಯುವ ಗೋಣೆಪ್ಪನಿಗೆ ಅನುಮಾನ ಎನ್ನುವುದು ಹುಟ್ಟುಗುಣ. ಹೆಂಡತಿ ಹುಲಗಮ್ಮ ಸಾರಿಗೆ ಉಪ್ಪು ಹೆಚ್ಚು ಹಾಕಿದರೂ, ಇದರ ಹಿಂದೆ ಯಾರೋ ಇದ್ದಾರೆ ಎಂದು ಮುಖ ಗಂಟು ಹಾಕುವವ. ಅಂಥವನು ಲೋಕದಲ್ಲಿ ನಂಬಿದ್ದು ಒಬ್ಬನನ್ನೇ, ಜೊತೆಗಾರ ಜಿಲಾನಸಾಬನನ್ನು. ನಂಬದೆ ಗತಿಯೂ ಇರಲಿಲ್ಲ ಅನ್ನಿ. ಗೋಣೆಪ್ಪ ಬರಿಗೈಯಲ್ಲಿ ಉಳಿ ಹಿಡಿದು ಕೂಡುತ್ತಿದ್ದ, ಜಿಲಾನಸಾಬ ಅದರ ಮೇಲೆ ದೊಡ್ಡ ಸುತ್ತಿಗೆ ಬೀಸುತ್ತಿದ್ದ. ಇಪ್ಪತ್ತು ವರ್ಷದಲ್ಲಿ ಒಂದು ಪೆಟ್ಟೂ ಕೈ ಮೇಲೆ ಬಿದ್ದಿರಲಿಲ್ಲ.

ಒಮ್ಮೆ ಅವರ ಖಣಿಯಲ್ಲಿ ಬಂಡೆ ಸೀಳಿದಾಗ ಒಳಗೆ ನರನರವಾದ ರೆಕ್ಕೆಯ ಗುರುತು ಕಂಡಿತು. ದೇವಿ ಹುಲಿಗೆಮ್ಮನ ಮಹಿಮೆಯೇ ಇರಬೇಕೆಂದು ಗೋಣೆಪ್ಪ ಆ ಚಪ್ಪಡಿಯನ್ನು ಮಾರದೆ ಮನೆಯ ಹಿಂದಿನ ಮೇವಿನ ಬಣವೆಯಡಿ ಮುಚ್ಚಿಟ್ಟ. ಗೊತ್ತಿದ್ದದ್ದು ಅವನಿಗೂ ಜಿಲಾನಸಾಬನಿಗೂ ಮಾತ್ರ.

೧೯೩೮ರ ಚಳಿಗಾಲದಲ್ಲಿ ಕಲ್ಲುಮಣ್ಣು ಪರೀಕ್ಷಿಸುವ ಸಾಹೇಬರೊಬ್ಬರು ಹೈದರಾಬಾದಿನಿಂದ ಬಂದು ಕೆರೆಯ ಬಳಿ ಡೇರೆ ಹಾಕಿದರು. ಮಕ್ಕಳು ಬಾಲಕ್ಕೆ ದಾರ ಕಟ್ಟಿ ಆಡಿಸುತ್ತಾರಲ್ಲ, ಆ ನಾಲ್ಕು ರೆಕ್ಕೆಯ ಹುಳ ನೀರಿನ ಮೇಲೆ ಹಾರುವುದನ್ನು ನೋಡಿ ಅವರಿಗೆ ಉಮೇದು ಬಂತು. ಪುಸ್ತಕ ತೆರೆದು, ನೆರೆದವರಿಗೆಲ್ಲ ಚಿತ್ರ ತೋರಿಸಿದರು. ಅಂಥದ್ದೇ ಹುಳ, ಆದರೆ ರೆಕ್ಕೆ ಬಿಚ್ಚಿದರೆ ಒಂದೂವರೆ ಮೊಳ! ಹಕ್ಕಿಗಳೇ ಹುಟ್ಟದ ಕಾಲದಲ್ಲಿ ಗಾಳಿಯಲ್ಲೇ ಬೇಟೆಯಾಡಿ ತಿನ್ನುತ್ತಿತ್ತಂತೆ. ಈಗ ಅದರ ಮನೆತನದ್ದು ಒಂದೂ ಉಳಿದಿಲ್ಲ, ದೂರದೇಶದ ಕಲ್ಲುಗಳಲ್ಲಿ ಗುರುತು ಮಾತ್ರ ಇದೆ. ಸಾಹೇಬರ ಗುಮಾಸ್ತ ಅಂದಪ್ಪ ಇದನ್ನು ಕನ್ನಡದಲ್ಲಿ ಹೇಳುವಾಗ ಗೋಣೆಪ್ಪ ಪುಸ್ತಕದ ಮೇಲೆ ಬಗ್ಗಿ ನೋಡಿದ. ಚಿತ್ರದ ರೆಕ್ಕೆ ಥೇಟ್ ಅವನ ಚಪ್ಪಡಿಯ ರೆಕ್ಕೆಯಂತೆಯೇ ಇತ್ತು.

"ಸತ್ತ ಹುಳದ ಸಲುವಾಗಿ ಹೈದರಾಬಾದಿಂದ ಯಾರರ ಬರ್ತಾರೇನ? ನಮ್ಮ ಖಣಿ ಕಸಗೊಳ್ಳಾಕ ಬಂದಾರ," ಎಂದ ಹುಲಗಮ್ಮನಿಗೆ.

ಮರುದಿನ ಜಿಲಾನಸಾಬ ಸಾಹೇಬರೊಂದಿಗೆ ಉರ್ದುವಿನಲ್ಲಿ ಮಾತಾಡುತ್ತ, ಗೋಣೆಪ್ಪನ ಮನೆಯ ಕಡೆ ಕೈ ತೋರಿಸಿದ್ದನ್ನು ಗೋಣೆಪ್ಪನೇ ದೂರದಿಂದ ಕಂಡ. ಮುಗಿಯಿತು. ಆ ಮಧ್ಯಾಹ್ನ ಬಿದಿರುಕೋಲಿನ ತುದಿಗೆ ಉಳಿ ಕಟ್ಟಿ, ಮಾರು ದೂರ ಕೂತು ಹಿಡಿದ.

ಜಿಲಾನಸಾಬ ಕೋಲು ನೋಡಿದ. "ಇದ್ಯಾಕೋ ಗೋಣೆಪ್ಪ?"

"ಯಾರ ಮನಸ್ಸಿನಾಗ ಏನೈತೋ, ಯಾರಿಗೆ ಗೊತ್ತು."

ಜಿಲಾನಸಾಬ ಸುತ್ತಿಗೆ ಕೆಳಗಿಟ್ಟು ಮನೆಗೆ ಹೋದ. ಮೂರು ದಿನ ಕೆಲಸಕ್ಕೆ ಬರಲಿಲ್ಲ.

ನಾಲ್ಕನೆಯ ದಿನ ಸಾಹೇಬರೇ ಅಂದಪ್ಪನೊಂದಿಗೆ ಗೋಣೆಪ್ಪನ ಮನೆಗೆ ಬಂದು ಚಪ್ಪಡಿ ತೋರಿಸು ಎಂದರು. ಅವನು ಮೇವು ಸರಿಸಿದ. ಸಾಹೇಬರು ನೀರು ಹಾಕಿ ಒರೆಸಿ ನೋಡಿ, ನಕ್ಕುಬಿಟ್ಟರು.

"ಹುಳ ಅಲ್ಲಂತೋ," ಎಂದ ಅಂದಪ್ಪ. "ನಿಮ್ಮ ಗುಡ್ಡದ ಕಲ್ಲು ಒಂದು ಕಾಲಕ್ಕ ಬೆಂಕಿಯಂಗ ಕುದ್ದು ಆರಿದ್ದಂತ. ಅದರಾಗ ಹುಳ ಹೆಂಗ ಉಳೀತೈತಿ? ಬಿರುಕಿನಾಗ ನೀರು ಇಳಿದು ಆದ ಕಲೆ ಅದು."

"ಹಂಗಾದ್ರ ಖಣಿ?"

"ನಿನ್ನ ಖಣಿ ಯಾರಿಗೆ ಬೇಕೋ ಮಾರಾಯ! ಜಿಲಾನಸಾಬ ಬಂದು ಸಲಾಮ ಮಾಡಿ ಕೇಳಿದ್ದಕ್ಕ ಸಾಹೇಬ್ರು ಬಂದಾರ. ಅದು ಆ ಹುಳಾನ ಆಗಿದ್ರ, ಪುಸ್ತಕದಾಗ ನಮ್ಮ ಗೋಣೆಪ್ಪನ ಹೆಸರು ಬರೀರಿ ಅಂದಿದ್ದ."

ಗೋಣೆಪ್ಪನಿಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ನೆಟ್ಟಗೆ ಜಿಲಾನಸಾಬನ ಮನೆಗೆ ಹೋದ. "ನಂದು ತಪ್ಪಾತೋ. ಬಾ, ಬರಿಗೈಲೇ ಹಿಡೀತೀನಿ."

ಜಿಲಾನಸಾಬ ಹೊರಗೆ ಬಂದು ಕಟ್ಟೆಯ ಮೇಲೆ ಕೂತ.

"ಕೆಲಸಕ್ಕ ಬರ್ತೀನಿ. ಆದ್ರ ಕೋಲಿಗೆ ಕಟ್ಟಿಕೊಂಡ ಹಿಡಿ. ಇಪ್ಪತ್ತು ವರ್ಷ ನಾ ನಿನ್ನ ಕೈ ನೋಡಿರಲಿಲ್ಲ, ಉಳಿ ಅಷ್ಟ ನೋಡ್ತಿದ್ದೆ. ಇನ್ನ ಸುತ್ತಿಗಿ ಎತ್ತಿದ್ರ ನಿನ್ನ ಕೈ ಕಾಣತೈತಿ."